ಶಾಲ್ಮಲೆ ಬೀಳುವುದೆಲ್ಲಿ? ಮಾಗೋಡು, ಜೇನುಕಲ್ಲು ಗುಡ್ಡ, ಉಂಚಳ್ಳಿ ನಡೆದು ನೋಡುವ ಬಗ್ಗೆ

ಗುಡಿಹಿಂದಿನವ (ಸೆಪ್ಟೆಂಬರ್ 9)

ಎಲ್ಲರಿಗೂ ನಮಸ್ಕಾರ. ಹುಟ್ಟಿದ ಊರು ಧಾರವಾಡ, ಅನ್ನ ಪುಣೆಯದು. ಚಿಕ್ಕವನಿದ್ದಾಗ ಭಾನುವಾರ ಬಂದರೆ ಅಪ್ಪ ಸೋಮೇಶ್ವರ ಗುಡಿಗೆ ಕರೆದೊಯ್ದು, "ನೋಡು, ಶಾಲ್ಮಲೆ ಹುಟ್ಟುವುದು ಇಲ್ಲಿ" ಎಂದು ತೋರಿಸುತ್ತಿದ್ದರು. ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಒಂದಿಷ್ಟು ಪಾಚಿ ನೀರು. ಇದೇ ನೀರು ಕಲಘಟಗಿಯ ಹತ್ತಿರ ಬೇಡ್ತಿಯನ್ನು ಕೂಡಿಕೊಂಡು, ಯಲ್ಲಾಪುರದ ಕಾಡಿನಲ್ಲಿ ಮಾಗೋಡು ಜಲಪಾತವಾಗಿ ಧುಮುಕುತ್ತದೆ ಎಂದು ಅವರು ಹೇಳಿದರೆ ನಾನು ನಂಬುತ್ತಿರಲಿಲ್ಲ.

ಮೊನ್ನೆ ಫೋನಿನಲ್ಲಿ ಮಾತಾಡುವಾಗ ಗೊತ್ತಾಯಿತು, ಅಪ್ಪನೂ ಮಾಗೋಡನ್ನು ನೋಡಿಲ್ಲ! 34 ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ಮಾಸ್ತರರು. ಮನೆಯಿಂದ 100 ಕಿ.ಮೀ. ಆಸುಪಾಸಿನಲ್ಲಿರುವ ಜಲಪಾತವನ್ನು ಪುಸ್ತಕದಲ್ಲಷ್ಟೇ ನೋಡಿದ್ದಾರೆ. ಅವರಿಗೀಗ 71. ಮಂಡಿ ಸ್ವಲ್ಪ ತಕರಾರು ಮಾಡುತ್ತದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದಾರೆ.

ಅಕ್ಟೋಬರ್ ಎರಡನೇ ವಾರ ಮೂರು ದಿನ ರಜೆ ಹಾಕುತ್ತಿದ್ದೇನೆ. ಮಾಗೋಡು, ಜೇನುಕಲ್ಲು ಗುಡ್ಡ, ಸಾಧ್ಯವಾದರೆ ಅಘನಾಶಿನಿ ಹೊಳೆಯ ಉಂಚಳ್ಳಿ ಜಲಪಾತ. ಕಾರಿನಿಂದ ಇಳಿದು, ಫೋಟೋ ತೆಗೆದು, ಮತ್ತೆ ಕಾರು ಹತ್ತುವುದು ಬೇಡ, ಆದಷ್ಟು ನಡೆಯಬೇಕು. ಆ ಹೊತ್ತಿಗೆ ನೀರು ಇರುತ್ತದೆಯೇ? ಇನ್ನೊಂದು ಪ್ರಶ್ನೆ ಅಪ್ಪನಿಗೆ ತಿಳಿಯದಂತೆ ಕೇಳುತ್ತಿದ್ದೇನೆ. ಮಾಗೋಡಿನ ಕೆಳಗಿನ ಕಮರಿಗೆ ಇಳಿಯುವ ದಾರಿ ಇದೆಯೇ?

ಸೋಂದೆದಾರಿ (ಸೆಪ್ಟೆಂಬರ್ 9)

ಬನ್ನಿ ಮಾರಾಯರೇ. ಅಕ್ಟೋಬರ್ ಎರಡನೇ ವಾರ ಒಳ್ಳೆಯ ಆಯ್ಕೆ. ಜುಲೈ, ಆಗಸ್ಟ್‌ನಲ್ಲಿ ಬಂದವರು ಮಾಗೋಡಿನಲ್ಲಿ ಮಂಜು ನೋಡಿ, ಶಬ್ದ ಕೇಳಿ ಹೋಗುತ್ತಾರೆ. ಜನವರಿ ದಾಟಿದ ಮೇಲೆ ಬಂದವರಿಗೆ ಬಂಡೆಯ ಮೇಲೆ ಎರಡು ಬಿಳಿ ಗೆರೆ. ದಸರೆಯಿಂದ ದೀಪಾವಳಿ ದಾಟುವವರೆಗೆ ನೀರೂ ಇರುತ್ತದೆ, ನೋಟವೂ ಇರುತ್ತದೆ. ಉಂಬಳವೂ (ಜಿಗಣೆ) ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಶಾಲ್ಮಲೆ ಎಂದರೆ ಶಿರಸಿಯ ಕಡೆಯ ಯಾರಾದರೂ ನಿಮ್ಮನ್ನು ಸಹಸ್ರಲಿಂಗಕ್ಕೆ ಕಳುಹಿಸುತ್ತಾರೆ. ಹೊಳೆಯ ಬಂಡೆಗಳ ಮೇಲೆಲ್ಲ ಲಿಂಗ ಕೆತ್ತಿರುವ ಜಾಗ, ಹುಳಗೋಳದ ಹತ್ತಿರ. ಅದೂ ಶಾಲ್ಮಲೆಯೇ, ಆದರೆ ನಮ್ಮ ಸೋಂದೆಯ ಶಾಲ್ಮಲೆ, ನಿಮ್ಮ ಧಾರವಾಡದವಳಲ್ಲ. ಎರಡೂ ಕೊನೆಗೆ ಬೇಡ್ತಿಯನ್ನೇ ಸೇರುತ್ತವೆ, ಜಗಳಕ್ಕೆ ಕಾರಣವಿಲ್ಲ. ಕೆಳಗೆ ಅಂಕೋಲೆಯ ಕಡೆ ಹೋದರೆ ಅದೇ ಹೊಳೆಗೆ ಗಂಗಾವಳಿ ಎಂಬ ಹೆಸರು.

ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಕೊಡುವವರು ಈಗ ಬರುತ್ತಾರೆ ನೋಡಿ.

ಎತ್ತರದಹುಚ್ಚು (ಸೆಪ್ಟೆಂಬರ್ 9)

ಬಂದೆ! ಇಳಿಯಬಹುದು. ಮಾಗೋಡಲ್ಲ, ಆ ಸೀಮೆಯ ಇನ್ನೊಂದು ಜಲಪಾತದಲ್ಲಿ ಕಳೆದ ಡಿಸೆಂಬರ್‌ನಲ್ಲಿ ನಾವು ಮೂವರು ಇಳಿದಿದ್ದೆವು. ಬೇಲಿಯ ಪಕ್ಕದಲ್ಲಿ ಸೊಪ್ಪು ತರುವವರ ಕಾಲುದಾರಿ ಇರುತ್ತದೆ, ಅದನ್ನು ಹಿಡಿದರೆ ಎರಡು ಗಂಟೆಯಲ್ಲಿ ತಳ. ಮೇಲಿಂದ ನೋಡಿದರೆ ಅದು ಚಿತ್ರಪಟ. ಕೆಳಗಿನಿಂದ ನೋಡಿದಾಗ ಮಾತ್ರ ಗೊತ್ತಾಗುವುದು ಅದು ಎಷ್ಟು ದೊಡ್ಡದು ಎಂದು. ಕಮರಿಗೆ ಇಳಿಯದವನು ಕಮರಿ ನೋಡಿಲ್ಲ ಎಂದೇ ನನ್ನ ಅಭಿಪ್ರಾಯ.

ಕಾಡುಕಾವಲು (ಸೆಪ್ಟೆಂಬರ್ 10)

ಹೆಚ್ಚು ಮಾತಿನವನಲ್ಲ ನಾನು, ಇಷ್ಟು ಹೇಳುತ್ತೇನೆ. ಆ ಸೊಪ್ಪಿನ ದಾರಿಯಲ್ಲಿ ನಡೆಯುವವರು ಹುಟ್ಟಿದಾಗಿನಿಂದ ಅಲ್ಲೇ ನಡೆದವರು. ಯಾವ ಬಂಡೆ ಯಾವ ತಿಂಗಳಲ್ಲಿ ಜಾರುತ್ತದೆ ಎಂಬುದು ಅವರ ಪಾದಕ್ಕೆ ಗೊತ್ತು, ನಿಮ್ಮ ಶೂಗೆ ಗೊತ್ತಿಲ್ಲ. ಸಾವಿನ ಮನೆಗೆ ಸುದ್ದಿ ಮುಟ್ಟಿಸುವ ಕೆಲಸ ನಾನು ಎರಡು ಸಲ ಮಾಡಿದ್ದೇನೆ. ಮೂರನೆಯ ಸಲ ಬೇಡ.

ಬೇಲಿ ಇರುವಲ್ಲಿ ಬೇಲಿಯ ಈಚೆ ನಿಲ್ಲಿ. ಚಾರಣವೇ ಬೇಕು ಎಂದಾದರೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಅನುಮತಿ ಇರುವ ದಾರಿಗಳ ಪಟ್ಟಿ ಸಿಗುತ್ತದೆ. ಬುಕ್ ಮಾಡಿದರೆ ದಾರಿ ಗೊತ್ತಿರುವವರು ಜೊತೆಗೆ ಬರುತ್ತಾರೆ.

ಬಂಡೆಮೇಷ್ಟ್ರು (ಸೆಪ್ಟೆಂಬರ್ 10)

ಭೂಗೋಳದ ಮಾಸ್ತರರ ಮಗ ಕೇಳಿದ್ದಾನೆ ಎಂದ ಮೇಲೆ ನಾನು ಬಾಯಿ ಮುಚ್ಚಿಕೊಂಡಿರುವುದು ಹೇಗೆ? ನನ್ನದೂ ಅದೇ ವೃತ್ತಿಯಾಗಿತ್ತು.

ತಮ್ಮಾ, ನಿನ್ನ ಊರು ನೀರು ಹಂಚುವ ದಿಬ್ಬದ ಮೇಲಿದೆ. ಧಾರವಾಡದ ಒಂದು ಕಡೆ ಬಿದ್ದ ಮಳೆ ಮಲಪ್ರಭೆಯ ಕಡೆ ಹೊರಟು, ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಯವರೆಗೆ ಆರಾಮಾಗಿ ಹೋಗುತ್ತದೆ. ಇನ್ನೊಂದು ಕಡೆ ಬಿದ್ದದ್ದು ಶಾಲ್ಮಲೆಯ ಪಾಲು. ಅದರ ಹಣೆಬರಹ ಬೇರೆ. 700 ಮೀಟರಿಗೂ ಎತ್ತರದಲ್ಲಿ ಹುಟ್ಟಿ, ಸುಮಾರು 150 ಕಿ.ಮೀ.ಯೊಳಗೆ ಅರಬ್ಬಿ ಸಮುದ್ರ ಮುಟ್ಟಬೇಕು. ಇಷ್ಟಾದರೂ ಮೊದಲರ್ಧದಲ್ಲಿ ಅದಕ್ಕೆ ಅವಸರವೇ ಇಲ್ಲ. ಕಲಘಟಗಿಯ ಗದ್ದೆಗಳ ನಡುವೆ ಎಮ್ಮೆ ಮೇಯಿಸುತ್ತಾ ಹೊರಟವನ ಹಾಗೆ ಸಾಗುತ್ತದೆ. ಘಟ್ಟದ ಅಂಚು ಬಂದಾಗ ಬಾಕಿ ಉಳಿದ ಇಳಿತದ ಬಹುಪಾಲನ್ನು ಒಮ್ಮೆಗೇ ತೀರಿಸಬೇಕಾಗುತ್ತದೆ. ಮಾಗೋಡಿನಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಬೀಳುತ್ತದೆ.

ಇನ್ನು ಕಮರಿಯ ವಿಷಯ. ಜಲಪಾತ ನಿಂತಲ್ಲೇ ನಿಲ್ಲುವುದಿಲ್ಲ. ಬೀಳುವ ನೀರು ಬುಡವನ್ನು ಕೊರೆಯುತ್ತದೆ, ಮೇಲಿನ ಬಂಡೆ ಆಧಾರ ತಪ್ಪಿ ಉರುಳುತ್ತದೆ, ಅಂಚು ಒಂದು ಗೇಣು ಹಿಂದೆ ಸರಿಯುತ್ತದೆ. ಲಕ್ಷಾಂತರ ವರ್ಷ ಇದೇ ಕೆಲಸ. ಮಾಗೋಡಿನ ಕೆಳಗೆ ಕಾಣುವ ಆ ಆಳದ ಕೊಳ್ಳ ಜಲಪಾತ ಹಿಂದಕ್ಕೆ ನಡೆದು ಬಂದ ಹಾದಿ. ನಿನಗೆ ನಡಿಗೆಯ ಹುಚ್ಚು ಎಂದೆಯಲ್ಲ, ಅಲ್ಲಿ ನಿನಗಿಂತ ದೊಡ್ಡ ನಡಿಗೆಗಾರನಿದ್ದಾನೆ.

ಅಪ್ಪನಿಗೆ ಇದನ್ನು ಓದಿ ಹೇಳು. ತಪ್ಪಿದ್ದರೆ ತಿದ್ದಲಿ.

ಗುಡಿಹಿಂದಿನವ (ಸೆಪ್ಟೆಂಬರ್ 10)

ಓದಿ ಹೇಳಿದೆ ಮೇಷ್ಟ್ರೇ. "ಎಮ್ಮೆಯ ಹೋಲಿಕೆ ಚೆನ್ನಾಗಿದೆ, ಆದರೆ ಆ ಭಾಗದಲ್ಲಿ ಎತ್ತು ಹೆಚ್ಚು" ಎಂದರು.

ಮಲ್ಲಿಗೆಹಳ್ಳ (ಸೆಪ್ಟೆಂಬರ್ 11)

ಹುಬ್ಬಳ್ಳಿಯಿಂದ ನಾವು ವರ್ಷಕ್ಕೆ ಎರಡು ಸಲವಾದರೂ ಆ ಕಡೆ ಹೋಗುತ್ತೇವೆ, ಮಕ್ಕಳೂ ಅತ್ತೆಯೂ ಜೊತೆಗಿರುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕಷ್ಟ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಯಲ್ಲಾಪುರದವರೆಗೆ ಬಸ್ಸಿಗೆ ಬರವಿಲ್ಲ, ಸುಮಾರು 70 ಕಿ.ಮೀ. ಅಲ್ಲಿಂದ ಮಾಗೋಡಿಗೆ ಬಸ್ಸನ್ನು ನಂಬಿ ಕೂರಬೇಡಿ, ರಿಕ್ಷಾ ಮಾತಾಡಿಕೊಳ್ಳಿ. ದಾರಿಯಲ್ಲಿ ಕವಡಿಕೆರೆಗೆ ತಿರುಗುವ ರಸ್ತೆ ಸಿಗುತ್ತದೆ. ದೊಡ್ಡ ಕೆರೆ, ದಂಡೆಯಲ್ಲಿ ದುರ್ಗೆಯ ಗುಡಿ. ನಮ್ಮ ಅತ್ತೆಗೆ ಜಲಪಾತಕ್ಕಿಂತ ಆ ಕೆರೆಯೇ ಹಿಡಿಸಿತ್ತು.

ಮಾಗೋಡಿನಲ್ಲಿ ನೋಡುವ ಜಾಗಕ್ಕೆ ನಡಿಗೆ ಬಹಳವಿಲ್ಲ, ಕಟ್ಟಿದ ದಾರಿ ಇದೆ. ಜಲಪಾತ ಮಾತ್ರ ಕಣಿವೆಯ ಆಚೆ ಇರುತ್ತದೆ. ಹತ್ತಿರ ಹೋಗಿ ಮುಖಕ್ಕೆ ತುಂತುರು ಬಡಿಸಿಕೊಳ್ಳುವ ಆಸೆ ಇದ್ದವರಿಗೆ ನಿರಾಸೆ. ದುರ್ಬೀನು ಇದ್ದರೆ ಒಯ್ಯಿರಿ. ಮಕ್ಕಳಿಗೆ ನೀರಾಡಬೇಕು ಎಂದು ಹಟ ಬಂದರೆ ಸಾತೊಡ್ಡಿ ಜಲಪಾತವಿದೆ. ಅದು ಗಿಡ್ಡದು, 15 ಮೀಟರ್ ಅಷ್ಟೆ, ಅದರ ಹಳ್ಳ ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿಗೆ ಸೇರುತ್ತದೆ. ಆದರೆ ನಿಮ್ಮ ಅಪ್ಪನವರು ಬೇಡ್ತಿಯನ್ನು ಹುಡುಕಿಕೊಂಡು ಹೊರಟವರು, ಕಾಳಿಯ ಕಡೆಗೆ ತಿರುಗಲಿಕ್ಕಿಲ್ಲ.

ಉಂಚಳ್ಳಿಯಲ್ಲಿ ಮೆಟ್ಟಿಲುಗಳಿವೆ. ಇಳಿಯುವಾಗ ಯಾರಿಗೂ ಮಂಡಿ ನೆನಪಾಗುವುದಿಲ್ಲ. ಹಿರಿಯರು ಮೊದಲ ನೋಟದ ಜಾಗದಲ್ಲೇ ಕುಳಿತರೂ ಜಲಪಾತ ಪೂರ್ತಿ ಕಾಣಿಸುತ್ತದೆ, ಕೆಳಗಿನ ಮೆಟ್ಟಿಲಿಗೆ ಒತ್ತಾಯ ಮಾಡಬೇಡಿ.

ಕನಕಪುರರಸ್ತೆ (ಸೆಪ್ಟೆಂಬರ್ 12)

ಉತ್ತರ ಕನ್ನಡದವರು ಕೋಪಿಸಿಕೊಳ್ಳಬಾರದು, ಕಮರಿ ಎಂದರೆ ನನ್ನ ಮತ ಗಂಡಿಕೋಟೆಗೆ. ಆಂಧ್ರದ ಕಡಪ ಜಿಲ್ಲೆಯ ಜಮ್ಮಲಮಡುಗಿನ ಹತ್ತಿರ ಪೆನ್ನಾ ನದಿ ಎರ್ರಮಲ ಬೆಟ್ಟವನ್ನು ಸೀಳಿಕೊಂಡು ಹೋಗುವ ಜಾಗ. ಕೆಂಪು ಬಂಡೆಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಒಂದರ ಮೇಲೊಂದು ಇಟ್ಟಂತಿದೆ. ಹಿಂದೆ ಕೋಟೆ, ಮಾಧವರಾಯನ ಗುಡಿ, ಮಸೀದಿ, ಕಣಜ. ಆ ಪೆನ್ನಾ ಹುಟ್ಟುವುದು ನಮ್ಮ ನಂದಿಬೆಟ್ಟದ ಸಾಲಿನಲ್ಲಿ, ಉತ್ತರ ಪಿನಾಕಿನಿ ಎಂಬ ಹೆಸರಿನಲ್ಲಿ. ಚಿಕ್ಕಬಳ್ಳಾಪುರದಲ್ಲಿ ಹುಡುಕಿದರೂ ಕಾಣದ ಹೊಳೆ ಅಲ್ಲಿ ಬೆಟ್ಟವನ್ನೇ ಸೀಳಿದೆ. ಧಾರವಾಡದವರಿಗೆ ಶಾಲ್ಮಲೆ ಹೇಗೋ ನಮಗೆ ಇದು ಹಾಗೆ. ತೆಲುಗಿನ 'ಗಂಡಿ' ಎಂದರೆ ಬೆಟ್ಟದ ನಡುವಿನ ಸೀಳು. ನಮ್ಮ 'ಕಂಡಿ' ಅದಕ್ಕೆ ದೂರದ ನೆಂಟನಿರಬೇಕು.

ಇಳಿಯಬೇಕೇ ಬೇಡವೇ ಎಂಬ ಜಗಳಕ್ಕೆ ನನ್ನದೊಂದು ಸಾಕ್ಷಿ. ಮೇಕೆದಾಟಿನಲ್ಲಿ ಬೇಲಿ ದಾಟುವ ಪ್ರಶ್ನೆಯೇ ಇಲ್ಲ, ನೀವೇ ಕಮರಿಯ ತುಟಿಯ ಮೇಲೆ ನಿಂತಿರುತ್ತೀರಿ. ಸಂಗಮದಲ್ಲಿ ಅರ್ಕಾವತಿ ದಾಟಿ ಸುಮಾರು 4 ಕಿ.ಮೀ. ನಡೆದರೆ, ಅಷ್ಟಗಲ ಹರಿಯುತ್ತಿದ್ದ ಕಾವೇರಿ ಮೇಕೆ ಹಾರಬಹುದು ಎನ್ನಿಸುವಷ್ಟು ಕಿರಿದಾಗಿ ಬಂಡೆಯ ಸೀಳಿನೊಳಗೆ ನುಗ್ಗುತ್ತಾಳೆ. ಕಿರಿದಾದದ್ದು ಅಗಲ ಮಾತ್ರ, ನೀರು ಅಷ್ಟೇ ಇದೆ. ಬಂಡೆಗಳಲ್ಲಿ ಗುಂಡನೆಯ ಕುಳಿಗಳಿವೆ, ಒರಳಿನ ಹಾಗೆ. ಸುಳಿಯಲ್ಲಿ ಸಿಕ್ಕ ಕಲ್ಲು ತಿರುಗಿ ತಿರುಗಿ ಕೊರೆದದ್ದು. ಕಲ್ಲನ್ನೇ ಹೀಗೆ ಅರೆದ ನೀರಿಗೆ ನಮ್ಮ ಮೂಳೆ ಯಾವ ಲೆಕ್ಕ ಎಂದು ಅಲ್ಲಿ ನಿಂತಾಗಲೆಲ್ಲ ಅನ್ನಿಸುತ್ತದೆ. ಆದರೂ ಪ್ರತಿ ವರ್ಷ ಯಾರೋ ಒಬ್ಬರು ಈಜಲು ಇಳಿಯುತ್ತಾರೆ.

ಎತ್ತರದಹುಚ್ಚು (ಸೆಪ್ಟೆಂಬರ್ 12)

ಮೇಕೆದಾಟು ನೀರಿನ ಮಾತು, ನಾನು ಹೇಳಿದ್ದು ಒಣ ದಾರಿಯ ಮಾತು. ಡಿಸೆಂಬರ್‌ನಲ್ಲಿ ಯಾವ ಪ್ರವಾಹ ಬರುತ್ತದೆ?

ಬಂಡೆಮೇಷ್ಟ್ರು (ಸೆಪ್ಟೆಂಬರ್ 12)

ಡಿಸೆಂಬರ್ ಬಿಡು, ಈ ಹುಡುಗ ಹೊರಟಿರುವುದು ಅಕ್ಟೋಬರ್‌ನಲ್ಲಿ. ಜೋಗ ನೋಡಿ ಬಂದವರಿಗೆ ಒಂದು ಅಭ್ಯಾಸ ಬಿದ್ದಿರುತ್ತದೆ. ಅಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ನೀರಿಗೆ ಬೀಗ ಇದೆ, ಬಿಡುವ ಮೊದಲು ಎಚ್ಚರಿಕೆ ಕೊಡುತ್ತಾರೆ. ಬೇಡ್ತಿಗೆ ದೊಡ್ಡ ಅಣೆಕಟ್ಟಿಲ್ಲ. ಹಿಂಗಾರಿನ ಗುಡುಗು ಮಳೆ ಮಧ್ಯಾಹ್ನ ಹುಬ್ಬಳ್ಳಿ, ಕಲಘಟಗಿಯ ಕಡೆ ಸುರಿದರೆ ಮಾಗೋಡಿನಲ್ಲಿ ನಿಂತವನ ತಲೆಯ ಮೇಲೆ ಬಿಸಿಲೇ ಇರುತ್ತದೆ. ಅಲ್ಲಿ ಹೊಳೆ ಕುಡಿದ ನೀರು ಇಲ್ಲಿಗೆ ಬಂದು ಮುಟ್ಟುವಾಗ ಇವನು ತಳದ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತಿರುತ್ತಾನೆ. ನೀರು ಕೆಂಪಗಾದರೆ, ಒಣ ಎಲೆ ಕಡ್ಡಿಗಳು ತೇಲಿ ಬಂದರೆ ಏಳಬೇಕು ಎಂದು ಹಳಬರು ಹೇಳುತ್ತಾರೆ. ಎರಡೂ ಕಡೆ ಗೋಡೆ ಇರುವಲ್ಲಿ ಎದ್ದು ಓಡುವುದು ಎಲ್ಲಿಗೆ?

ಸೋಂದೆದಾರಿ (ಸೆಪ್ಟೆಂಬರ್ 12)

ಅಣೆಕಟ್ಟಿಲ್ಲ ಎಂದಿರಿ ಮೇಷ್ಟ್ರೇ, ಸುಮ್ಮನೆ ಇಲ್ಲದೆ ಉಳಿದದ್ದಲ್ಲ ಅದು. ಬೇಡ್ತಿಗೆ ಜಲವಿದ್ಯುತ್ ಯೋಜನೆ ಬಂದಿತ್ತು. ನಮ್ಮ ಅಡಿಕೆ ತೋಟಗಳೂ ಕಾನೂ (ಕಾಡೂ) ಮುಳುಗುವ ಲೆಕ್ಕ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅಧಿಕಾರಿಗಳನ್ನೂ ಕೂರಿಸಿ, ಯೋಜನೆಯ ಲಾಭ ನಷ್ಟ ಎರಡನ್ನೂ ತೂಗಿ ನೋಡುವ ವಿಚಾರ ಸಂಕಿರಣ ನಡೆಯಿತು. ಸಂಘಟಿಸಿದವರು ತೋಟಗಾರರೇ. ಯೋಜನೆ ನಿಂತಿತು. ಎರಡು ವರ್ಷದ ಮೇಲೆ, 1983ರ ಸೆಪ್ಟೆಂಬರ್ 8ರಂದು, ಸಾಲ್ಕಣಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತರು. ನಾವು ಅಪ್ಪಿಕೋ ಚಳವಳಿ ಎನ್ನುವುದು ಅದನ್ನೇ. ಈಗ ಬೇಡ್ತಿಯನ್ನು ವರದಾ ನದಿಗೆ ಜೋಡಿಸುವ ಮಾತು ಮತ್ತೆ ಮತ್ತೆ ಏಳುತ್ತಿದೆ, ನಾವೂ ಮತ್ತೆ ಏಳುತ್ತಿದ್ದೇವೆ. ಬೇರೆ ಕಡೆ ಜಗಳವಾಡೋಣ ಅದನ್ನು. ಜೇನುಕಲ್ಲು ಗುಡ್ಡದ ಮೇಲೆ ನಿಂತು ಕೆಳಗಿನ ಹಸಿರು ನೋಡುವಾಗ ಇದೊಂದು ನೆನಪಿರಲಿ ಎಂದು ಹೇಳಿದೆ.

ಗುಡ್ಡಕ್ಕೆ ಸಂಜೆ ಹೋಗಿ. ಮಾಗೋಡಿನಿಂದ ಕಾಡಿನ ರಸ್ತೆಯಲ್ಲಿ ನಡೆದರೆ ಎರಡು ಗಂಟೆ ಎಂದುಕೊಳ್ಳಿ. ಅಲ್ಲಿಂದ ಜಲಪಾತವನ್ನು ಹುಡುಕಬೇಡಿ, ಹೊಳೆಯನ್ನು ನೋಡಿ. ಬಿದ್ದು ಎದ್ದ ಮೇಲೆ ಅದು ಬೆಟ್ಟಗಳ ಕಾಲಬುಡದಲ್ಲಿ ಹೇಗೆ ಸುತ್ತಿಕೊಂಡು ಹೋಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಸೂರ್ಯ ಮುಳುಗಿದ ಮೇಲೆ ನಡೆದು ಮರಳುವ ಯೋಚನೆ ಬೇಡ, ರಿಕ್ಷಾದವರಿಗೆ ಮೊದಲೇ ಹೇಳಿಡಿ. ಮೊಬೈಲ್ ಸಿಗ್ನಲ್ ಅಲ್ಲಿ ದೇವರ ಪ್ರಸಾದ, ಸಿಕ್ಕವರಿಗೆ ಸಿಕ್ಕಿತು.

ಕಾಡುಕಾವಲು (ಸೆಪ್ಟೆಂಬರ್ 13)

ಎರಡು ಮಾತು ಬಿಟ್ಟುಹೋಗಿತ್ತು. ಉಂಬಳ ಹತ್ತಿದರೆ ಕಿತ್ತೆಳೆಯಬೇಡಿ, ಉಪ್ಪು ಅಥವಾ ಸುಣ್ಣ ಮುಟ್ಟಿಸಿ, ತಾನೇ ಬಿಡುತ್ತದೆ. ಉಂಬಳದಿಂದ ರಕ್ತ ಹೋಗಬಹುದು, ಜೀವ ಹೋಗುವುದಿಲ್ಲ. ಹೆದರಬೇಕಾದದ್ದು ಉಣುಗಿಗೆ (ಉಣ್ಣೆ ಹುಳ), ಮಂಗನ ಕಾಯಿಲೆ ಹರಡುವುದು ಅದೇ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದದ್ದು, ಸಿದ್ದಾಪುರ ತಾಲ್ಲೂಕಿನಲ್ಲೂ ಕಾಣಿಸಿಕೊಳ್ಳುತ್ತದೆ. ಅದರ ಕಾಲ ಡಿಸೆಂಬರ್‌ನಿಂದ ಬೇಸಿಗೆಯವರೆಗೆ. ಆ ದಿನಗಳಲ್ಲಿ ಬರುವವರು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಉಣುಗು ಹತ್ತದಂತೆ ಹಚ್ಚಿಕೊಳ್ಳಿ, ದರಕಿನ (ಒಣ ಎಲೆಯ) ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ.

ಇನ್ನೊಂದು, ಮಳೆ ಜೋರಾದರೆ ಕಾರ್ಯಕ್ರಮ ಬದಲಿಸಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದದ್ದು, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಎರಡನೆಯದು ನೀವು ನೋಡಲು ಹೊರಟಿರುವ ಹೊಳೆಯ ದಂಡೆಯೇ.

ಎತ್ತರದಹುಚ್ಚು (ಸೆಪ್ಟೆಂಬರ್ 15)

ಎರಡು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಮೊದಲ ದಿನ ನಾನು ಅರ್ಧ ಕಥೆ ಹೇಳಿದ್ದೆ. ಎರಡು ಗಂಟೆಯಲ್ಲಿ ಇಳಿದದ್ದು ನಿಜ. ಹತ್ತಿದ್ದು ಏಳು ಗಂಟೆಯಲ್ಲಿ. ಇಳಿಯುವಾಗ ದಾರಿಯ ಹಾಗೆ ಕಂಡದ್ದು ಹತ್ತುವಾಗ ನಾಲ್ಕು ಕಡೆ ಒಡೆದಿತ್ತು. ಒಬ್ಬನ ಕಾಲು ಜಾರಿ ಪಾದ ಊದಿಕೊಂಡಿತು. ಕತ್ತಲಾಯಿತು. ಕೊನೆಗೆ ಯಾರದೋ ತೋಟದಲ್ಲಿ ಅಡಿಕೆ ಕೊನೆ ಇಳಿಸಿ ಮುಗಿಸಿದ್ದ ಕೊನೆಗೌಡರಿಬ್ಬರು ನಮ್ಮ ಕೂಗು ಕೇಳಿ, ಮರ ಹತ್ತುವ ಹಗ್ಗ ಹಿಡಿದು ಬಂದರು. ಬೈಯಲಿಲ್ಲ. ಮೇಲೆ ಬಂದ ಮೇಲೆ ಆ ಮನೆಯ ಅಮ್ಮ ಊಟ ಬಡಿಸಿ, "ಅಲ್ಲಿ ಎಂತ ಇತ್ತು ನಿಮಗೆ?" ಎಂದು ಕೇಳಿದರು. ಮೂವರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ.

ತಳದಿಂದ ಕಂಡ ನೋಟ ಮಾತ್ರ ಸುಳ್ಳಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಗುಡಿಹಿಂದಿನವ (ಅಕ್ಟೋಬರ್ 17)

ಹೋಗಿ ಬಂದೆವು. ಇಷ್ಟು ಜನ ಇಷ್ಟು ಬರೆದಿದ್ದೀರಿ, ವರದಿ ಒಪ್ಪಿಸದಿದ್ದರೆ ತಪ್ಪಾಗುತ್ತದೆ.

ಮೊದಲ ದಿನ ಹೊರಡುವ ಮುನ್ನ ಅಪ್ಪನದೇ ಹಟ, ಸೋಮೇಶ್ವರದಿಂದಲೇ ಪ್ರಯಾಣ ಶುರುವಾಗಬೇಕು ಎಂದು. ಹೊಂಡಕ್ಕೆ ಕೈಮುಗಿದು ಹೊರಟೆವು. ಕಲಘಟಗಿ ದಾಟುವಾಗ ಸೇತುವೆ ಬಂದಲ್ಲೆಲ್ಲ ಗಾಡಿ ನಿಲ್ಲಿಸಬೇಕು, ಇಳಿದು ನೀರು ನೋಡಬೇಕು. "ಇನ್ನೂ ಎಮ್ಮೆಯ ಹಾಗೇ ಇದೆ" ಎಂದು ಒಪ್ಪಿಕೊಂಡರು. ಮೇಷ್ಟ್ರಿಗೆ ಗೆಲುವು.

ಮಾಗೋಡು ಮುಟ್ಟಿದಾಗ ಬೆಳಗಿನ ಒಂಬತ್ತೂವರೆ. ಕಂಡದ್ದು ಬಿಳಿ ಗೋಡೆ. ಕಣಿವೆಯೂ ಇಲ್ಲ, ಜಲಪಾತವೂ ಇಲ್ಲ, ಹೊಟ್ಟೆಯೊಳಗೆ ಗುಡುಗುವ ಶಬ್ದ ಮಾತ್ರ. ನಮ್ಮ ಹಿಂದೆಯೇ ಬಂದ ಒಂದು ಗುಂಪು ಆ ಬಿಳಿ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹತ್ತು ನಿಮಿಷದಲ್ಲಿ ಹೊರಟುಹೋಯಿತು. ನಾನೂ ಗುಡ್ಡಕ್ಕೆ ಹೋಗೋಣ, ಸಂಜೆ ಮತ್ತೆ ಬರೋಣ ಎಂದೆ. ಅಪ್ಪ ಕೊಡೆ ಬಿಡಿಸಿ ಕಟ್ಟೆಯ ಮೇಲೆ ಕುಳಿತು, "71 ವರ್ಷ ಕಾದಿದ್ದೇನೆ, ಇನ್ನೊಂದು ತಾಸು ಏನು ಮಹಾ" ಎಂದರು.

11 ಗಂಟೆ 20 ನಿಮಿಷಕ್ಕೆ (ಗಡಿಯಾರ ನೋಡಿದವರು ಅಪ್ಪ) ಮಂಜು ಮೇಲಿನಿಂದಲ್ಲ, ಕೆಳಗಿನಿಂದ ಹರಿಯತೊಡಗಿತು. ಮೊದಲು ಕಾಣಿಸಿದ್ದು ಕಮರಿಯ ತಳದ ಕಪ್ಪು ಬಂಡೆ, ಆಮೇಲೆ ಕೆಳಗಿನ ಹಂತ, ಎಷ್ಟೋ ಹೊತ್ತಿನ ಮೇಲೆ ಮೇಲಿನದು. ಹೀಗೆ ಬುಡದಿಂದ ತುದಿಗೆ ಜಲಪಾತ ಬೆಳೆಯುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಹಾಲುಬಿಳುಪು ಎಂದೇ ಎಲ್ಲರೂ ಬರೆಯುತ್ತಾರೆ, ಅಂದು ನೀರು ಚಹಾದ ಬಣ್ಣವಿತ್ತು. ಹಿಂದಿನ ರಾತ್ರಿ ನಮ್ಮ ಕಡೆ ಮಳೆಯಾಗಿತ್ತು. "ಅದು ನಮ್ಮೂರ ಮಣ್ಣು" ಎಂದರು ಅಪ್ಪ. ಬಳಿಕ ಬಹಳ ಹೊತ್ತು ಮಾತಾಡಲಿಲ್ಲ. ಮಧ್ಯಾಹ್ನ ಎರಡರವರೆಗೆ ಅಲ್ಲೇ ಕುಳಿತಿದ್ದೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ.

ಒಂದು ತಪ್ಪೊಪ್ಪಿಗೆ. ಅಪ್ಪ ದುರ್ಬೀನಿನಲ್ಲಿ ಮುಳುಗಿದ್ದಾಗ ನಾನು ಬೇಲಿಯ ಕೊನೆಗೆ ಹೋದೆ. ಅಲ್ಲಿ ನಿಜವಾಗಿಯೂ ಒಂದು ಸವೆದ ದಾರಿ ಇತ್ತು. ಹತ್ತಿಪ್ಪತ್ತು ಹೆಜ್ಜೆ ಇಳಿದೆ. ಹಿಂದಿನಿಂದ ಎರಡು ಚಪ್ಪಾಳೆ ಕೇಳಿಸಿತು, ತರಗತಿಯಲ್ಲಿ ಗಲಾಟೆಯಾದಾಗ ಹೊಡೆಯುತ್ತಿದ್ದರಲ್ಲ, ಅದೇ ಚಪ್ಪಾಳೆ. ನನಗೆ 39 ವರ್ಷ. ಎರಡನೇ ಮಾತಿಲ್ಲದೆ ಮೇಲೆ ಬಂದೆ.

ಜೇನುಕಲ್ಲು ಗುಡ್ಡದ ದಾರಿಯಲ್ಲಿ ಅಪ್ಪ ಎರಡು ಕಿಲೋಮೀಟರ್ ನಡೆದು ಉಳಿದದ್ದನ್ನು ರಿಕ್ಷಾಕ್ಕೆ ಬಿಟ್ಟರು, ನಾನು ಪೂರ್ತಿ ನಡೆದೆ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದನ್ನು ಮೊದಲ ಸಲ ಕೇಳಿದೆ, ಯಾರೋ ಉಸಿರು ಕಟ್ಟಿ ಗರಗಸ ಎಳೆದ ಹಾಗಿತ್ತು. ಗುಡ್ಡದ ಮೇಲಿಂದ ಕಂಡ ಬೇಡ್ತಿಗೆ ಸದ್ದೇ ಇಲ್ಲ. ಬೆಳಗ್ಗೆ ಅಷ್ಟು ಗುಡುಗಿದ ಹೊಳೆ ಇದೇನಾ ಅನ್ನಿಸಿತು. ಕಾಲಿನಲ್ಲಿ ಮೂರು ಉಂಬಳ, ಅಪ್ಪನಿಗೆ ಒಂದೂ ಇಲ್ಲ, ಪಂಚೆಯುಟ್ಟೂ!

ಒಂದು ಎಚ್ಚರಿಕೆ ಹೇಳಬೇಕು. ಎರಡನೇ ದಿನ ಉಂಚಳ್ಳಿಗೆ 'ಕಣಿವೆ ಚಾರಣ, ಮಾರ್ಗದರ್ಶಿ ಸಮೇತ' ಎಂದು ಒಬ್ಬರಿಗೆ ಮುಂಗಡವಾಗಿ ತಲೆಗೆ 1,200 ರೂಪಾಯಿ ಕಳುಹಿಸಿದ್ದೆ. ಅವರು ವಾಹನ ನಿಲ್ಲಿಸುವ ಜಾಗದಲ್ಲಿ ಸಿಕ್ಕಿ, ಎಲ್ಲರೂ ಇಳಿಯುವ ಮೆಟ್ಟಿಲನ್ನು ತೋರಿಸಿ, ಜೊತೆಗೆ ಇಳಿದು, ಜೊತೆಗೆ ಹತ್ತಿದರು. ಚಾರಣ ಮುಗಿಯಿತು. ನೀರು ಯಾವುದು ಬಂಡೆ ಯಾವುದು ಎಂದು ತೋರಿಸಿದ್ದಷ್ಟೇ ಮಾರ್ಗದರ್ಶನ.

ಉಂಚಳ್ಳಿ ಮಾತ್ರ 1,200ಕ್ಕೂ ಅಗ್ಗ. 116 ಮೀಟರ್, ಒಂದೇ ಬೀಳು. ಅಲ್ಲಿ ಮಾತಾಡಿದ್ದು ಪಕ್ಕದವರಿಗೆ ಕೇಳುವುದಿಲ್ಲ, ಕೆಪ್ಪ ಜೋಗ ಎಂದು ಯಾಕೆ ಕರೆಯುತ್ತಾರೆ ಎಂದು ಕೇಳಬೇಕಾಗಲಿಲ್ಲ.

ಸೋಂದೆದಾರಿ (ಅಕ್ಟೋಬರ್ 17)

ಓದಿ ಹೊಟ್ಟೆ ತುಂಬಿತು. 1,200 ರೂಪಾಯಿಯ ವಿಷಯ ಬಿಟ್ಟು.

ಉಂಚಳ್ಳಿಗೆ ಲಷಿಂಗ್ಟನ್ ಜಲಪಾತ ಎಂಬ ಹೆಸರೂ ಇದೆ. 1845ರಲ್ಲಿ ಆ ಹೆಸರಿನ ಕಲೆಕ್ಟರ್ 'ಕಂಡುಹಿಡಿದ'ನಂತೆ. ಸುತ್ತಲಿನ ಹಳ್ಳಿಯವರಿಗೆ ರಾತ್ರಿಯೆಲ್ಲ ಅದರ ಸದ್ದು, ಪಾಪ, ಅದು ಅಲ್ಲಿ ಇದೆ ಎಂಬುದು ಸಾಹೇಬ ಬರುವವರೆಗೆ ಗೊತ್ತಾಗಲಿಲ್ಲ.

ಬಂಡೆಮೇಷ್ಟ್ರು (ಅಕ್ಟೋಬರ್ 18)

ಮಂಜು ಕೆಳಗಿನಿಂದ ಹರಿದದ್ದನ್ನು ಕಂಡದ್ದು ನಿಮ್ಮ ಭಾಗ್ಯ. ನಾನು ಐದು ಸಲ ಹೋಗಿದ್ದೇನೆ, ಒಮ್ಮೆಯೂ ಒಂದು ತಾಸಿಗಿಂತ ಹೆಚ್ಚು ಕೂರಲಿಲ್ಲ. ಪ್ರತಿ ಸಲವೂ ಮುಂದಿನ ಜಾಗಕ್ಕೆ ಹೊತ್ತಾಯಿತು ಎಂದು ಎದ್ದುಬಂದವನು. ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸು. ಎತ್ತಿನ ವಿಷಯದಲ್ಲಿ ಅವರು ಹೇಳಿದ್ದೂ ಸರಿಯಿರಬಹುದು.

ಎತ್ತರದಹುಚ್ಚು (ಅಕ್ಟೋಬರ್ 18)

ಚಪ್ಪಾಳೆಯ ಭಾಗವನ್ನು ಮನೆಯಲ್ಲಿ ಓದಿ ಹೇಳಿದೆ. ನಮ್ಮ ಅಮ್ಮ ಈಗ ಅಭ್ಯಾಸ ಮಾಡುತ್ತಿದ್ದಾರೆ.

ಅಣ್ಣಾ, ಉಂಚಳ್ಳಿಯ ಸುತ್ತ ಸಿಂಗಳೀಕ (ಕಪ್ಪು ಮೈ, ಮುಖದ ಸುತ್ತ ಬಿಳಿಬೂದು ಕೂದಲಿನ ಮಂಗ) ಕಂಡವೇ? ಅಘನಾಶಿನಿ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮೂರು ಸಲ ಹೋಗಿಯೂ ನನಗೆ ಕಾಣಿಸಿಲ್ಲ.

ಗುಡಿಹಿಂದಿನವ (ಅಕ್ಟೋಬರ್ 19)

ನಮಗೂ ಕಾಣಿಸಲಿಲ್ಲ. ಬೆಳ್ಳಗಿನ ಗಡ್ಡದ ಒಬ್ಬರೇ ಕಂಡದ್ದು, ಅದೂ ನಮ್ಮ ಅಪ್ಪ.

ಒಂದು ಮಾತು ಬಿಟ್ಟಿದ್ದೆ. ಅಪ್ಪನ ಕೊಡೆ ಎಲ್ಲೋ ಉಳಿದುಹೋಗಿದೆ. ಮರದ ಹಿಡಿಕೆ, ಅದಕ್ಕೆ ನೀಲಿ ದಾರ ಸುತ್ತಿದೆ. ಮಾಗೋಡಿನ ಕಟ್ಟೆಯ ಮೇಲೋ, ಮುಖ್ಯ ರಸ್ತೆಗೆ ಬರುವ ತಿರುವಿನಲ್ಲಿ ಚಹಾ ಕುಡಿದ ಅಂಗಡಿಯಲ್ಲೋ ತಿಳಿಯದು. ಬೆಲೆ ಏನೂ ಇಲ್ಲ, ನಿವೃತ್ತಿಯ ದಿನ ಮಕ್ಕಳು ಕೊಟ್ಟದ್ದಂತೆ. ಆ ಕಡೆ ಓಡಾಡುವವರು ಯಾರಾದರೂ ಕಂಡರೆ ತಿಳಿಸಿ.

ಮಲ್ಲಿಗೆಹಳ್ಳ (ಅಕ್ಟೋಬರ್ 19)

ದೀಪಾವಳಿ ರಜೆಯಲ್ಲಿ ನಾವು ಹೋಗುತ್ತೇವೆ, ಕೇಳಿ ನೋಡುತ್ತೇನೆ. ನಮ್ಮ ಅತ್ತೆಗೆ ನಿಮ್ಮ ಬರಹ ಓದಿದೆ. ಈ ಸಲ ಕೆರೆಯ ಹತ್ತಿರ ಇಳಿಯುವುದಿಲ್ಲವಂತೆ, ಮಾಗೋಡಿನಲ್ಲಿ ಬೆಳಿಗ್ಗೆಯಿಂದ ಕೂರಬೇಕಂತೆ. ಮಕ್ಕಳನ್ನು ಹೇಗೆ ಕೂರಿಸುವುದೋ ಗೊತ್ತಿಲ್ಲ.

ಸೋಂದೆದಾರಿ (ಅಕ್ಟೋಬರ್ 24)

ಕೊಡೆ ಸಿಕ್ಕಿದೆ. ಚಹಾ ಅಂಗಡಿಯಲ್ಲೇ ಇತ್ತು. ನಾನು ಹೋದಾಗ ಅಂಗಡಿಯವನು ಅದನ್ನೇ ಹಿಡಿದುಕೊಂಡು ಹಾಲು ತರಲು ಹೊರಟಿದ್ದ. ನೀಲಿ ದಾರ ಸಡಿಲವಾಗಿತ್ತು, ಬಿಗಿಯಾಗಿ ಸುತ್ತಿಟ್ಟಿದ್ದಾನೆ. "ಮಾಸ್ತರರು ಮತ್ತೆ ಬರುತ್ತಾರಲ್ಲ, ಆಗ ಕೊಡುತ್ತೇನೆ, ಅಲ್ಲಿಯವರೆಗೆ ನನ್ನ ಹತ್ತಿರ ಇರಲಿ" ಎಂದ. ಇಲ್ಲಿ ಇನ್ನೂ ಮಳೆ ಬಿಟ್ಟಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.